ಬಂದವರಿಗೆ ಊರು ತೋರಿಸುವವರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಟೂರಿಸ್ಟ್ ಬಸ್ ಓಡಿಸುವವನು. 2001ರಲ್ಲಿ ಶುರು ಮಾಡಿದ್ದು. ಮೊದಲು ಸುಮೋ, ಆಮೇಲೆ ಟಿಟಿ, ಈಗ 21 ಸೀಟಿನ ಮಿನಿ ಬಸ್. ಮದುವೆ ಪಾರ್ಟಿ, ಧರ್ಮಸ್ಥಳ ಟ್ರಿಪ್, ಶಾಲೆ ಮಕ್ಕಳ ಪ್ರವಾಸ ಎಲ್ಲ ಮಾಡಿದ್ದೇನೆ. ಹತ್ತು ಹದಿನೈದು ವರ್ಷದಿಂದ ಸಮ್ಮೇಳನದ ಡ್ಯೂಟಿಯೇ ಜಾಸ್ತಿ. ಏರ್‌ಪೋರ್ಟಿನಿಂದ ಹೋಟೆಲಿಗೆ, ಹೋಟೆಲಿನಿಂದ ಸಭಾಂಗಣಕ್ಕೆ. ಕೊನೆಯ ದಿನ ಅತಿಥಿಗಳಿಗೆ ಊರು ತೋರಿಸುವುದು, ರಾತ್ರಿ ಊಟದ ಕಾರ್ಯಕ್ರಮಕ್ಕೆ ಬಿಟ್ಟು ವಾಪಸ್ ಕರೆತರುವುದು. ಡಾಕ್ಟರುಗಳ ಸಮ್ಮೇಳನ, ಕಂಪ್ಯೂಟರಿನವರದು, ರೇಷ್ಮೆಯವರದು, ಹೀಗೆ. ಅವುಗಳಲ್ಲಿ ಮೂರು ಮಾತ್ರ ವಲಸೆಗೆ ಸಂಬಂಧಪಟ್ಟವು. ಆ ಮೂರರಲ್ಲಿ ನಾನು ಕಂಡದ್ದನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಾತು ಇಷ್ಟೇ. ವಲಸೆ ಬಗ್ಗೆ ಚರ್ಚೆ ಮಾಡಲು ದೇಶ ದೇಶಗಳಿಂದ ಜನ ಬರುತ್ತಾರೆ. ಅವರಿಗೆ ನಮ್ಮ ಊರು ತೋರಿಸುವಾಗ, ಬೇರೆ ಕಡೆಯಿಂದ ಬಂದು ಇಲ್ಲಿ ಬದುಕು ಕಟ್ಟಿಕೊಂಡವರೇ ಮುಂದೆ ನಿಂತು ತೋರಿಸಬೇಕು. ಆ ದಿನದ ಮಟ್ಟಿಗೆ ಅವರೇ ಮನೆಯ ಯಜಮಾನರು. ಈಗ ಹಾಗಿಲ್ಲ. ಒಂದೋ ಅವರು ಅತಿಥಿಗಳ ಕಣ್ಣಿಗೇ ಬೀಳುವುದಿಲ್ಲ, ಇಲ್ಲಾ ನೋಡುವ ವಸ್ತುಗಳ ಹಾಗೆ ಸಾಲಾಗಿ ನಿಲ್ಲಬೇಕಾಗುತ್ತದೆ.

ಟ್ರಿಪ್ ಶೀಟ್ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಒಂಬತ್ತೂವರೆಗೆ ಹೋಟೆಲ್ ಬಿಡುವುದು. ವಿಧಾನಸೌಧ, ಅದೂ ರಸ್ತೆಯಿಂದಲೇ, ಹತ್ತು ನಿಮಿಷ ಫೋಟೊಗೆ. ಟಿಪ್ಪುವಿನ ಬೇಸಿಗೆ ಅರಮನೆ. ವಸಂತನಗರದ ಅರಮನೆ. ಲಾಲ್‌ಬಾಗ್. ಮಧ್ಯಾಹ್ನ ಎಂ.ಜಿ. ರಸ್ತೆಯಲ್ಲಿ ಗಂಧದ ಆನೆ, ರೇಷ್ಮೆ ಸೀರೆ ಖರೀದಿ. ಐದಕ್ಕೆ ಹೋಟೆಲ್. ಏಳೂವರೆಗೆ ಸಾಂಸ್ಕೃತಿಕ ಸಂಜೆ, ಊಟ. ಹೃದಯದ ಡಾಕ್ಟರುಗಳಿಗೂ ಇದೇ, ವಲಸೆ ಬಗ್ಗೆ ಸಂಶೋಧನೆ ಮಾಡುವವರಿಗೂ ಇದೇ.

ಆ ಜಾಗಗಳು ಚೆನ್ನಾಗಿಲ್ಲ ಅಂತಲ್ಲ. ಲಾಲ್‌ಬಾಗನ್ನೇ ತೆಗೆದುಕೊಳ್ಳಿ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ. ಟಿಪ್ಪು ದೂರದ ದೇಶಗಳಿಂದ ಗಿಡ, ಬೀಜ ತರಿಸಿದ. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1908ರಲ್ಲಿ ಜರ್ಮನಿಯವರಾದ ಕ್ರುಂಬಿಗಲ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು, ಇಲ್ಲೇ ಮಣ್ಣಾದರು. ಬೇಸಿಗೆಯಲ್ಲಿ ನಮ್ಮ ರಸ್ತೆಗಳಲ್ಲಿ ನೀಲಿಯಾಗಿ ಉದುರುವ ಜಕರಂಡವಾಗಲಿ, ಗುಲಾಬಿ ಬಣ್ಣದ ತಬೂಬಿಯಾ ಆಗಲಿ ಈ ನೆಲದ್ದಲ್ಲ, ಅಮೆರಿಕ ಖಂಡದ ಕಡೆಯಿಂದ ಬಂದದ್ದು. ಇದನ್ನೆಲ್ಲ ಬಿಡಿಸಿ ಹೇಳಿದರೆ ವಲಸೆ ಬಗ್ಗೆ ಚರ್ಚೆಗೆ ಬಂದವರಿಗೆ ಲಾಲ್‌ಬಾಗ್‌ಗಿಂತ ಒಳ್ಳೆ ಜಾಗ ಬೇಕಾ? ಹೇಳುವಷ್ಟು ಪುರುಸೊತ್ತೇ ಇರುವುದಿಲ್ಲ. ಗೈಡ್‌ಗೆ ಸಿಗುವುದು ನಲವತ್ತು ನಿಮಿಷ. ಅದರಲ್ಲಿ ಹದಿನೈದು ಟಾಯ್ಲೆಟ್ ಸಾಲಿಗೆ ಹೋಗುತ್ತದೆ.

ಒಂದು ಸಲ ಬೆಳಗಿನ ಜಾವ ನಾನು ಹೋಟೆಲ್ ಮುಂದೆ ಬಸ್ ಒರೆಸುತ್ತಿದ್ದೆ. ಮೂವರು ಅತಿಥಿಗಳು ನಿದ್ದೆ ಬಾರದೆ ಕೆಳಗೆ ಬಂದು ನಿಂತಿದ್ದರು. ದೂರದ ದೇಶದಿಂದ ಬಂದವರಿಗೆ ಮೊದಲ ಎರಡು ದಿನ ಹಾಗೇ, ನಾಲ್ಕು ಗಂಟೆಗೇ ಎಚ್ಚರ. ಅವರಲ್ಲಿ ಒಬ್ಬರು ಮೆಕ್ಸಿಕೊದ ಮೇಡಂ. ಇಲ್ಲಿ ಹತ್ತಿರ ಏನಾದರೂ ತೆರೆದಿರುತ್ತಾ ಅಂತ ಕೇಳಿದರು. ಈ ಹೊತ್ತಿಗೆ ತೆರೆದಿರುವುದು ಕೆ.ಆರ್. ಮಾರ್ಕೆಟ್ ಒಂದೇ ಅಂದೆ. ಸಂಘಟಕರಿಗೆ ಫೋನ್ ಮಾಡಿ ಕೇಳಿ ಕರೆದುಕೊಂಡು ಹೋದೆ.

ಬೆಳಗ್ಗೆ ಐದೂವರೆಗೆ ಕೆ.ಆರ್. ಮಾರ್ಕೆಟ್ ನೋಡದವರಿಗೆ ಬೆಂಗಳೂರು ಗೊತ್ತಾಗುವುದಿಲ್ಲ ಅಂತ ನನ್ನ ನಂಬಿಕೆ. ಲಾರಿಗಳಿಂದ ಸೇವಂತಿಗೆ ಮೂಟೆ ಇಳಿಯುತ್ತಿರುತ್ತವೆ. ಹೊಸಕೋಟೆ, ಕೋಲಾರದ ಹೂವು, ಗಡಿ ಆಚೆ ಹೊಸೂರಿನ ಹೂವು. ಮೂಟೆ ಹೊರುವ ಹುಡುಗರಲ್ಲಿ ರಾಯಚೂರು, ಯಾದಗಿರಿ ಕಡೆಯವರು ಬಹಳ. ಒಬ್ಬ ತೆಲುಗಿನಲ್ಲಿ ಎಣಿಸುತ್ತಾನೆ, ತಮಿಳಿನಲ್ಲಿ ಚೌಕಾಸಿ ಮಾಡುತ್ತಾನೆ, ದಾರಿ ಬಿಡದಿದ್ದರೆ ಕನ್ನಡದಲ್ಲಿ ಬೈಯುತ್ತಾನೆ. ಆ ಮೂವರೂ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ತರಕಾರಿ ಸಾಲಿಗೆ ಬಂದಾಗ ಮೆಕ್ಸಿಕೊದ ಮೇಡಂ ಒಂದು ಗುಡ್ಡೆಯ ಮುಂದೆ ನಿಂತುಬಿಟ್ಟರು. ಒಂದು ಕಾಯಿ ಕೈಗೆತ್ತಿಕೊಂಡು 'ಚಯೋಟೆ, ಚಯೋಟೆ' ಅಂದರು. ಕಣ್ಣಲ್ಲಿ ನೀರು. ಅದು ಸೀಮೆಬದನೆಕಾಯಿ. ಅವರ ಅಜ್ಜಿ ಮನೆ ಹಿತ್ತಲಲ್ಲಿ ಅದರ ಬಳ್ಳಿ ಹಬ್ಬಿತ್ತಂತೆ. ಆ ಕಾಯಿಯ ಹುಟ್ಟೂರೇ ಆ ಕಡೆ ಅಂತ ಅವರಿಂದ ತಿಳಿಯಿತು. ಮಾರುತ್ತಿದ್ದ ಅಮ್ಮ ತಮಿಳಿನವರು. 'ಏನಂತೆ ಅವರಿಗೆ? ಇದು ಬೆಂಗಳೂರು ಕತ್ತರಿಕ್ಕಾಯಿ ಅಂತ ಹೇಳಪ್ಪಾ' ಅಂದರು. ಸ್ವಲ್ಪ ಯೋಚನೆ ಮಾಡಿ. ನಮ್ಮ ಭಾಷೆಯಲ್ಲಿ ಹೊರಗಿನಿಂದ ಬಂದದ್ದಕ್ಕೆಲ್ಲ ಸೀಮೆ ಅನ್ನುತ್ತೇವೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ನಾವು ಹೊರಗಿನದು ಅಂತ ಹೆಸರಿಟ್ಟ ಕಾಯಿಯನ್ನು ಪಕ್ಕದ ರಾಜ್ಯದವರು ಬೆಂಗಳೂರಿನದೇ ಅನ್ನುತ್ತಾರೆ. ನಾನು ಅರ್ಧಂಬರ್ಧ ಇಂಗ್ಲಿಷಿನಲ್ಲಿ ಇದನ್ನು ಹೇಳಿದಾಗ ಆ ಮೂವರೂ ನೋಟ್‌ಬುಕ್ ತೆಗೆದು ಬರೆದುಕೊಂಡರು. ಆ ಅಮ್ಮ ದುಡ್ಡು ತೆಗೆದುಕೊಳ್ಳದೆ ಎರಡು ಕಾಯಿ ಕೊಟ್ಟರು.

ಆಮೇಲೆ ಕಾಫಿ ಕುಡಿಯುವಾಗ ಅವರಲ್ಲೊಬ್ಬರು ಒಂದು ಲೆಕ್ಕ ಹೇಳಿದರು. 2020ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿದ್ದವರು ಇಡೀ ಜಗತ್ತಿನಲ್ಲಿ ಸುಮಾರು 28 ಕೋಟಿ. 2011ರ ಜನಗಣತಿಯಲ್ಲಿ ಭಾರತ ಒಂದರಲ್ಲೇ ಮೊದಲಿದ್ದ ಊರು ಬಿಟ್ಟು ಬೇರೆ ಕಡೆ ಇದ್ದವರು 45 ಕೋಟಿಗೂ ಹೆಚ್ಚು. ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳೂ ಅದರಲ್ಲಿ ಸೇರಿದ್ದಾರೆ. ಹೀಗಿರುವಾಗ ವಲಸೆ ಅಂದರೆ ಬರೀ ವೀಸಾ, ಪಾಸ್‌ಪೋರ್ಟ್ ಅಂತ ಯಾಕೆ ಅಂದುಕೊಳ್ಳುತ್ತೀರಿ ಅಂತ ಅವರು ತಮ್ಮವರನ್ನೇ ಕೇಳಿದರು. ಆ ಬೆಳಗ್ಗೆ ಒಂದೂವರೆ ಗಂಟೆಯಲ್ಲಿ ನಡೆದಷ್ಟು ಮಾತು, ಇಡೀ ದಿನದ ಸೈಟ್ ಸೀಯಿಂಗ್‌ನಲ್ಲಿ ನನ್ನ ಬಸ್ಸಿನಲ್ಲಿ ನಡೆದಿರಲಿಲ್ಲ.

ವಲಸೆಯ ಆ ಮೂರು ಸಮ್ಮೇಳನಗಳಲ್ಲಿ ದೊಡ್ಡದು 2017ರ ಪ್ರವಾಸಿ ಭಾರತೀಯ ದಿವಸ್, ಅಂದರೆ ಹೊರದೇಶಗಳಲ್ಲಿ ನೆಲೆಸಿದ ಭಾರತೀಯರಿಗಾಗಿ ಸರ್ಕಾರ ನಡೆಸುವ ಸಮ್ಮೇಳನ. ಜನವರಿ 7ರಿಂದ 9, ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ. ಗಾಂಧೀಜಿ ದಕ್ಷಿಣ ಆಫ್ರಿಕಾ ಬಿಟ್ಟು ಮುಂಬೈನಲ್ಲಿ ಇಳಿದದ್ದು 1915ರ ಜನವರಿ 9ರಂದು, ಅದಕ್ಕೇ ಆ ದಿನ. ಆ ಸಲ ಪೋರ್ಚುಗಲ್ ಪ್ರಧಾನಿ ಆಂಟೊನಿಯೊ ಕೋಸ್ಟಾ ಮುಖ್ಯ ಅತಿಥಿ. ಅವರ ತಂದೆಯ ಮನೆತನ ಗೋವಾದ್ದು. ಸುರಿನಾಮ್ ದೇಶದ ಉಪಾಧ್ಯಕ್ಷ ಅಶ್ವಿನ್ ಅಧಿನ್ ಕೂಡ ಬಂದಿದ್ದರು. ಅತಿಥಿಗಳಲ್ಲಿ ಗಿರ್ಮಿಟಿಯಾ ಮನೆತನದವರೂ ಇದ್ದರು. ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದವರ ಮರಿಮಕ್ಕಳು. ಅಗ್ರಿಮೆಂಟ್ ಅನ್ನುವ ಮಾತು ಜನರ ಬಾಯಲ್ಲಿ ಗಿರ್ಮಿಟ್ ಆಗಿದ್ದು. ನಮ್ಮ ಉತ್ತರ ಕರ್ನಾಟಕದಲ್ಲಿ ಗಿರ್ಮಿಟ್ ಅಂದರೆ ಮಂಡಕ್ಕಿಯ ತಿಂಡಿ. ಅದೇ ಹೆಸರಿನ ಹಿಂದೆ ಇನ್ನೊಂದು ಕಡೆ ಇಷ್ಟು ಕಣ್ಣೀರು ಇದೆ ಅಂತ ನನಗೆ ಆವತ್ತೇ ಗೊತ್ತಾದದ್ದು.

ನನ್ನ ಬಸ್ಸಿನಲ್ಲಿ ಡರ್ಬನ್‌ನಿಂದ ಬಂದ ಒಬ್ಬ ತಾಯಿ ಇದ್ದರು. ಎಪ್ಪತ್ತರ ಮೇಲೆ ವಯಸ್ಸು. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಜೆರಾಕ್ಸ್ ಮಾಡಿದ ಹಳೆಯ ಹಡಗಿನ ಪಟ್ಟಿಯ ಒಂದು ಹಾಳೆ. ಮದ್ರಾಸಿನಿಂದ ಹೊರಟ ಟ್ರೂರೊ ಅನ್ನುವ ಹಡಗು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅದೇ ಮೊದಲು. ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷ ಜನ ಹೀಗೆ ಅಲ್ಲಿಯ ಕಬ್ಬಿನ ಗದ್ದೆಗಳಿಗೆ ಹೋದರು. ಈ ತಾಯಿಯ ಮುತ್ತಜ್ಜಿ 1880ರ ಆಸುಪಾಸಿನಲ್ಲಿ ಹೋದವರು. ಹಾಳೆಯಲ್ಲಿ ಒಂದು ನಂಬರ್, ವಯಸ್ಸು 19, ಜಿಲ್ಲೆಯ ಜಾಗದಲ್ಲಿ 'ಮೈಸೂರು'. ಹಳ್ಳಿಯ ಹೆಸರು ಇದ್ದ ಜಾಗದಲ್ಲಿ ಶಾಯಿ ಹರಡಿ ಅಕ್ಷರ ಹೋಗಿಬಿಟ್ಟಿತ್ತು.

ಅವರಿಗೆ ಒಂದು ಮಧ್ಯಾಹ್ನ ಬಿಡುವಿತ್ತು. 'ನನ್ನ ಮುತ್ತಜ್ಜಿ ನಡೆದ ಯಾವುದಾದರೂ ಜಾಗ ನೋಡಬೇಕು' ಅಂದರು. ಮೈಸೂರು ಅಂತ ಬರೆದಿದ್ದರೆ ಆಗಿನ ಸಂಸ್ಥಾನದ ಯಾವ ಮೂಲೆಯೂ ಆಗಿರಬಹುದಲ್ವಾ, ಎಲ್ಲಿಗೆ ಅಂತ ಕರೆದೊಯ್ಯಲಿ? ಆಗ ನೆನಪಾದದ್ದು ದಂಡು ರೈಲ್ವೆ ನಿಲ್ದಾಣ. ಮದ್ರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಹಡಗು ಹತ್ತಲು ಮದ್ರಾಸಿಗೆ ಹೋಗಬೇಕು, ಹೋಗುವ ರೈಲು ಇಲ್ಲಿಂದ. 'ಇಲ್ಲಿಂದಲೇ ಹತ್ತಿರಬಹುದು ತಾಯಿ' ಅಂದೆ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಟ್ಟೆ. ಒಳಗೆ ಹೋಗಿ ಅರ್ಧ ಗಂಟೆ ಒಂದು ಬೆಂಚಿನ ಮೇಲೆ ಸುಮ್ಮನೆ ಕೂತರು. ಚೆನ್ನೈ ಕಡೆ ಹೋಗುವ ಒಂದು ಗಾಡಿ ಬಂತು, ಹೋಯಿತು. ವಾಪಸ್ ಬಸ್ಸಿಗೆ ಬಂದಾಗ ಆ ಪ್ಲಾಟ್‌ಫಾರ್ಮ್ ಟಿಕೆಟನ್ನು ಹಡಗಿನ ಹಾಳೆಯ ಜೊತೆ ಅದೇ ಕವರಿನಲ್ಲಿ ಇಟ್ಟುಕೊಂಡರು.

ಇದನ್ನು ಯಾಕೆ ಬರೆದೆ ಅಂದರೆ, ಇಂಥವರು ಯಾವ ಸಮ್ಮೇಳನಕ್ಕಾದರೂ ಒಬ್ಬಿಬ್ಬರು ಬಂದೇ ಬರುತ್ತಾರೆ. ವಿಧಾನಸೌಧದ ಮುಂದೆ ಫೋಟೊ ತೆಗೆಸಿ ಕರೆದೊಯ್ಯುತ್ತೇವೆ. ಅದೇ ಕಟ್ಟಡದಲ್ಲಿ ರಾಜ್ಯ ಪತ್ರಾಗಾರ ಇದೆ, ಹಳೆಯ ಮೈಸೂರು ಸಂಸ್ಥಾನದ ಕಾಗದಪತ್ರಗಳು ಅಲ್ಲಿವೆ. ಆ ಇಲಾಖೆಯ ಒಬ್ಬರು ಒಂದು ಮಧ್ಯಾಹ್ನ ಸಮ್ಮೇಳನದ ಜಾಗದಲ್ಲಿ ಮೇಜು ಹಾಕಿಕೊಂಡು ಕೂರಲಿ. ಅಳಿಸಿದ ಅಕ್ಷರ ಓದಲು, ಹಳೆಯ ತಾಲ್ಲೂಕುಗಳ ಹೆಸರು ಹೇಳಲು ತಿಳಿದವರು. ಅರಮನೆ ನೋಡಬೇಕು ಅನ್ನುವವರು ಅರಮನೆಗೆ ಹೋಗಲಿ, ಊರು ಹುಡುಕುವವರು ಆ ಮೇಜಿನ ಮುಂದೆ ಕೂರಲಿ.

ಈಗ ಮನಸ್ಸಿಗೆ ಬಹಳ ನೋವಾದ ಸಂಗತಿ ಹೇಳುತ್ತೇನೆ. ಅದು ಬೇರೆ ಸಮ್ಮೇಳನ, ಹೆಸರು ಬೇಡ. ಸಂಘಟಕರು ಒಳ್ಳೆಯವರೇ, ಉದ್ದೇಶವೂ ಕೆಟ್ಟದ್ದಲ್ಲ. ಅರಮನೆ ಬದಲು ನಿಜವಾದ ವಲಸೆ ತೋರಿಸೋಣ ಅಂತ ಯೋಚಿಸಿದ್ದರು. ಸಂಜೆ ಆರು ಗಂಟೆಗೆ ನಗರದ ಪೂರ್ವಕ್ಕೆ, ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದ್ದ ಜಾಗದ ಹಿಂದಿನ ತಗಡಿನ ಶೆಡ್‌ಗಳಿಗೆ ಎರಡು ಬಸ್ಸು ತಗೊಂಡು ಹೋದೆವು.

ನಾನು ಸಿಂಧನೂರು ತಾಲ್ಲೂಕಿನವನು. ಬೆಂಗಳೂರಿಗೆ ಬಂದದ್ದು 1998ರಲ್ಲಿ, ಗಾರೆ ಕೆಲಸಕ್ಕೆ. ಡ್ರೈವಿಂಗ್ ಕಲಿಯುವ ತನಕ ಮೂರು ವರ್ಷ ಇಂಥದ್ದೇ ಶೆಡ್‌ನಲ್ಲಿದ್ದೆ. ಹಾಗಾಗಿ ಸಂಜೆ ಆರು ಗಂಟೆ ಅಂದರೆ ಅಲ್ಲಿ ಏನು ಹೊತ್ತು ಅಂತ ನನಗೆ ಗೊತ್ತು. ಕೆಲಸ ಬಿಟ್ಟು ಬಂದು ಸಿಮೆಂಟು ತೊಳೆದುಕೊಳ್ಳುವ ಹೊತ್ತು. ಗಂಡಸರು ಡ್ರಮ್ಮಿನ ಹತ್ತಿರ ಚಡ್ಡಿಯಲ್ಲಿ ನೀರು ಹಾಕಿಕೊಳ್ಳುತ್ತಿರುತ್ತಾರೆ. ಹೆಂಗಸರು ಹಳೆ ಸೀರೆ ಅಡ್ಡ ಕಟ್ಟಿ ಅದರ ಹಿಂದೆ ಸ್ನಾನ ಮಾಡುತ್ತಾರೆ. ಮಕ್ಕಳಿಗೆ ಹಸಿವು. ಆ ಹೊತ್ತಿಗೆ ನಾವು ನಲವತ್ತು ಜನ ಇಳಿದೆವು. ಬರುತ್ತೇವೆ ಅಂತ ಮೇಸ್ತ್ರಿಗೆ ಹೇಳಿದ್ದರು. ಅಲ್ಲಿರುವವರಿಗೆ ಯಾರೂ ಹೇಳಿರಲಿಲ್ಲ.

ಅತಿಥಿಗಳು ಫೋನ್ ತೆಗೆದು ಫೋಟೊ ಹೊಡೆದರು. ಕೆಲವರು ಹೊಡೆಯಲಿಲ್ಲ, ತಲೆ ತಗ್ಗಿಸಿ ಬಸ್ಸಿನ ಹತ್ತಿರವೇ ನಿಂತರು, ಅದನ್ನೂ ಹೇಳಬೇಕು. ರೊಟ್ಟಿ ಬಡಿಯುತ್ತಿದ್ದ ಒಬ್ಬ ಹೆಣ್ಣುಮಗಳು ಸೆರಗು ಮುಖಕ್ಕೆ ಎಳೆದುಕೊಂಡಳು. ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿಯೇ ನಮ್ಮ ಕಡೆಯವಳು ಅಂತ ಗೊತ್ತಾಗಿತ್ತು. 'ಯಾವೂರವ್ವಾ?' ಅಂದೆ. ಲಿಂಗಸೂಗೂರು ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು. 'ಅಣ್ಣಾ, ಇವ್ರು ನಮ್ಮ ಫೋಟೊ ಯಾಕ ಹೊಡ್ಯಾಕತ್ತಾರ? ಶೆಡ್ ಖಾಲಿ ಮಾಡಸ್ತಾರೇನು?'

ಅವಳಿಗೆ ಬಂದ ಭಯ ಅದು. ಕ್ಯಾಮೆರಾ ಹಿಡಿದು ಇಷ್ಟು ಜನ ಬಂದರೆ, ಇವತ್ತೋ ನಾಳೆಯೋ ಜೆಸಿಬಿ ಬರುತ್ತದೆ ಅಂತಲೇ ಅವಳ ಲೆಕ್ಕ. ಹಂಗೇನಿಲ್ಲ ತಂಗಿ, ಓದಿದವ್ರು ನೋಡಾಕ ಬಂದಾರ ಅಂದೆ. 'ನಮ್ಮನ್ನ ಏನ್ ನೋಡದೈತಿ' ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ದಯವಿಟ್ಟು ಯಾರೂ ಇಂಥ ಟ್ರಿಪ್ ಇಡಬೇಡಿ. ಅವರ ಮಾತು ಕೇಳಬೇಕಾ? ಕೇಳಲೇಬೇಕು. ಅವರಲ್ಲಿ ಇಬ್ಬರನ್ನೋ ಮೂವರನ್ನೋ ಸಮ್ಮೇಳನಕ್ಕೇ ಕರೆಯಿರಿ. ಅವತ್ತಿನ ಕೂಲಿ ಕೊಡಿ, ಹೋಗಿ ಬರಲು ಗಾಡಿ ಕೊಡಿ, ಅನುವಾದ ಮಾಡಲು ಒಬ್ಬರನ್ನು ಇಡಿ. ಬೇರೆಯವರಿಗೆ ಹಾಕುವ ಕುರ್ಚಿಯನ್ನೇ ಅವರಿಗೂ ಹಾಕಿ. ಅವರು ಕೂತು ಮಾತಾಡಲಿ, ಅತಿಥಿಗಳು ಎದುರು ಕೂತು ಕೇಳಲಿ.

ಮಾದಾವರದ ಆ ವಸ್ತುಪ್ರದರ್ಶನ ಕೇಂದ್ರದ ಇನ್ನೊಂದು ನೆನಪೂ ಇದೆ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಹೊತ್ತಿಗೆ, ಊರಿಗೆ ಹೋಗಲು ರೈಲಿಗಾಗಿ ಕಾಯುತ್ತಿದ್ದ ಬೇರೆ ರಾಜ್ಯಗಳ ಕಾರ್ಮಿಕರು ಅದೇ ಆವರಣದಲ್ಲಿದ್ದರು. ಮಾಲೂರಿನಿಂದ, ಚಿಕ್ಕಬಾಣಾವರದಿಂದ ಅವರ ರೈಲುಗಳು ಹೊರಟವು. ಮಧ್ಯೆ ಒಂದೆರಡು ದಿನ ರೈಲು ರದ್ದು ಅಂದರು, ಆಮೇಲೆ ಮತ್ತೆ ಬಿಟ್ಟರು. ನನ್ನ ಬಸ್ಸು ಪೀಣ್ಯದಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ನಾನೂ ಹೆಂಡತಿ ಮಕ್ಕಳ ಜೊತೆ ಮೆಜೆಸ್ಟಿಕ್‌ನಿಂದ ಸರ್ಕಾರಿ ಬಸ್ಸು ಹತ್ತಿ ಸಿಂಧನೂರಿಗೆ ಹೋದೆ. 2017ರಲ್ಲಿ ಹೂವಿನ ಕಮಾನು ಕಟ್ಟಿದ್ದ ಜಾಗ, ಮೂರೇ ವರ್ಷಕ್ಕೆ ಹೀಗೆ. ಮುಂದೆ ಅಲ್ಲಿ ವಲಸೆ ಬಗ್ಗೆ ಯಾವ ಸಭೆ ನಡೆದರೂ, ಮೊದಲ ದಿನ ಬಾಗಿಲಲ್ಲಿ ಒಂದು ದೊಡ್ಡ ಫೋಟೊ ಹಾಕಿ ಇಲ್ಲಿ ಇವರೂ ಇದ್ದರು ಅಂತ ನಾಲ್ಕು ಸಾಲು ಬರೆಯಲಿ. ಇದಕ್ಕೆ ಬಸ್ಸೂ ಬೇಡ, ದುಡ್ಡೂ ಬೇಡ.

ಸಾಂಸ್ಕೃತಿಕ ಸಂಜೆ ಬಗ್ಗೆ ಎರಡು ಮಾತು. ಡೊಳ್ಳು ಕುಣಿತ ಹನ್ನೆರಡು ನಿಮಿಷ, ವೀರಗಾಸೆ ಹತ್ತು ನಿಮಿಷ, ಆಮೇಲೆ ಬಫೆ. ಅತಿಥಿಗಳು ಕೈಯಲ್ಲಿ ಗ್ಲಾಸ್ ಹಿಡಿದು ನಿಂತು ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಕುಣಿದವರು ಯಾರು, ಯಾವ ಊರಿನವರು, ಏನು ಹಾಡಿದರು ಅಂತ ಯಾರೂ ಹೇಳುವುದಿಲ್ಲ. ಒಂದು ಸಲ ಶಿವಮೊಗ್ಗ ಕಡೆಯ ಡೊಳ್ಳಿನ ತಂಡದವರು ಪಾರ್ಕಿಂಗ್‌ನಲ್ಲಿ ನನ್ನ ಬಸ್ಸಿನ ಮರೆಯಲ್ಲಿ ಕೂತು ಪೊಟ್ಟಣದ ಚಿತ್ರಾನ್ನ ತಿಂದರು. ರಾತ್ರಿ ಬಸ್ಸಿಗೆ ಬಂದಿದ್ದರು, ಮತ್ತೆ ರಾತ್ರಿ ಬಸ್ಸಿಗೇ ಹೋಗಬೇಕು. ಒಳಗೆ ಇಪ್ಪತ್ತು ಬಗೆಯ ಅಡುಗೆ ಇತ್ತು. ಅವರಲ್ಲಿ ಹಿರಿಯರೊಬ್ಬರು ಹೇಳಿದರು: 'ನಮ್ಮಲ್ಲಿ ಅರ್ಧ ಹುಡುಗರು ಈಗ ಬೆಂಗಳೂರಲ್ಲೇ ಸೆಕ್ಯುರಿಟಿ ಕೆಲಸದಲ್ಲವ್ರೆ. ಇಂಥ ಪ್ರೋಗ್ರಾಂ ಇದ್ರೆ ಮಾತ್ರ ಡೊಳ್ಳು ಕಟ್ಟೋದು.' ಇದನ್ನು ಮೈಕಿನಲ್ಲಿ ಹೇಳಿದ್ದರೆ! ವಲಸೆ ಬಗ್ಗೆ ಮೂರು ದಿನ ಮಾತಾಡಿದವರ ಎದುರಿಗೇ ಡೊಳ್ಳು ಹೊತ್ತು ನಿಂತಿದ್ದರು, ಅತಿಥಿಗಳಿಗೆ ಗೊತ್ತಾಗಲೇ ಇಲ್ಲ. ಕಲಾವಿದರಿಗೂ ಅತಿಥಿಗಳಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿ. ಮಾತು ತಾನಾಗಿ ಬರುತ್ತದೆ.

ಚೆನ್ನಾಗಿ ನಡೆದ ಟ್ರಿಪ್ ಇಲ್ಲವೇ ಅಂತ ಕೇಳಬಹುದು. ಇದೆ, ಬೈಲುಕುಪ್ಪೆಯದು. ಅದೇ ಮೂರನೆಯ ಸಮ್ಮೇಳನ, ಮೆಕ್ಸಿಕೊದ ಮೇಡಂ ಬಂದಿದ್ದದ್ದು. ಕೊನೆಯ ದಿನ ಬೇಕಾದವರು ಹೆಸರು ಕೊಡಿ ಅಂದರು, ಹತ್ತೊಂಬತ್ತು ಜನ ಕೊಟ್ಟರು. ಬೆಂಗಳೂರಿನಿಂದ 220 ಕಿಲೋಮೀಟರ್ ಆಸುಪಾಸು. ಹೋಗಿ ಬಂದು ಒಂದೇ ದಿನ ಅಂದರೆ ನಾಲ್ಕೂವರೆಗೆ ಬಿಡಬೇಕು. ವಿದೇಶದವರು ಅಲ್ಲಿ ರಾತ್ರಿ ಉಳಿಯಬೇಕಾದರೆ ಮೊದಲೇ ಪರ್ಮಿಟ್ ಬೇಕು, ಸಂಘಟಕರು ಇದನ್ನು ನೆನಪಿಡಬೇಕು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಟಿಬೆಟಿನ ಜನರಿಗೆ ಜಾಗ ಬೇಕಾಯಿತು. ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು, ಆನೆ ಕಾಟ ತಡೆದುಕೊಂಡು ಮೆಕ್ಕೆಜೋಳ ಬೆಳೆದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ಅವರಿಗೆ ಜಾಗ ಸಿಕ್ಕಿತು. ಎಲ್ಲರೂ ನೋಡುವ ಚಿನ್ನದ ಬಣ್ಣದ ದೊಡ್ಡ ದೇವಸ್ಥಾನ ತೆರೆದದ್ದು 1999ರಲ್ಲಿ. ಸಾಮಾನ್ಯವಾಗಿ ಜನ ಅದನ್ನು ನೋಡಿ, ಮೋಮೊ ತಿಂದು ಹೊರಡುತ್ತಾರೆ. ನಮ್ಮ ಟ್ರಿಪ್‌ನಲ್ಲಿ ಹಾಗಾಗಲಿಲ್ಲ. ಅಲ್ಲೇ ಹುಟ್ಟಿ ಮೈಸೂರಲ್ಲಿ ಓದಿದ ಒಬ್ಬ ಟಿಬೆಟಿಯನ್ ಹುಡುಗಿ ನಮ್ಮ ಗೈಡ್. ಅವಳಿಗೆ ಸಂಘಟಕರು ದುಡ್ಡು ಮಾತಾಡಿಕೊಂಡಿದ್ದರು, ಊಟದ ಮನೆಯವರಿಗೂ ಮೊದಲೇ ಹೇಳಿದ್ದರು. ಅವಳು ದೇವಸ್ಥಾನಕ್ಕಿಂತ ಮೊದಲು ಹೊಲಕ್ಕೆ ಕರೆದೊಯ್ದಳು. ಚಳಿಗಾಲ ಬಂದರೆ ತಮ್ಮವರು ಊರೂರು ಸುತ್ತಿ ಸ್ವೆಟರ್ ಮಾರುವುದನ್ನು ಹೇಳಿದಳು. ನಮ್ಮ ಊರುಗಳಲ್ಲಿ ಸ್ವೆಟರ್ ಅಂಗಡಿ ಹಾಕುವವರು ಇವರೇ ಅಲ್ವಾ.

ಮಧ್ಯಾಹ್ನ ಅವಳ ಅಜ್ಜಿ ಮನೆಯಲ್ಲಿ ಉಪ್ಪು ಬೆಣ್ಣೆ ಹಾಕಿದ ಚಹಾ. ಅಜ್ಜಿಗೆ ಎಂಬತ್ತರ ಹತ್ತಿರ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಯುರೋಪಿನ ಒಬ್ಬ ಸಂಶೋಧಕರು, ನಿಮ್ಮ ಊರು ಯಾವುದು ಅಂತ ಕೇಳಿ ಅಂದರು. ನಾನು ಕೇಳಿದೆ. ಅಜ್ಜಿ ಅಂದರು: 'ಬೈಲುಕುಪ್ಪೆ. ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ.' ಅವರು, ಅದಲ್ಲ, ಮೂಲ ಊರು ಅಂತ ಮತ್ತೆ ಕೇಳಿಸಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ಒಂದು ಸಣ್ಣ ಹಿತ್ತಾಳೆ ಬಟ್ಟಲು ತಂದರು. ಬೆಟ್ಟ ದಾಟಿ ಬರುವಾಗ ಅವರ ಅಮ್ಮ ಸೊಂಟಕ್ಕೆ ಕಟ್ಟಿಕೊಂಡು ಬಂದದ್ದು ಇದೊಂದೇ ಅಂತೆ. 'ಆ ಊರು ಇದರಲ್ಲಿದೆ' ಅಂತ ಬಟ್ಟಲನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಫೋಟೊ ಯಾರೂ ತೆಗೆಯಲಿಲ್ಲ. ಹೊರಡುವಾಗ ಅಜ್ಜಿಯೇ ಮೊಮ್ಮಗಳ ಫೋನ್ ತರಿಸಿ, ಎಲ್ಲರೂ ನಿಂತುಕೊಳ್ಳಿ, ನನಗೊಂದು ಫೋಟೊ ಬೇಕು ಅಂದರು.

ಶೆಡ್‌ನ ಸಂಜೆಗೂ ಈ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಇದೇ. ಇಲ್ಲಿ ಅಜ್ಜಿ ಕರೆದಿದ್ದರು, ನಾವು ಹೋಗಿದ್ದೆವು. ಏನು ತೋರಿಸಬೇಕು, ಎಷ್ಟು ಹೇಳಬೇಕು ಅನ್ನುವುದು ಅವರ ಕೈಯಲ್ಲಿತ್ತು.

ನಮ್ಮ ಸಿಂಧನೂರಿನಲ್ಲೂ ಇಂಥ ಜಾಗ ಇದೆ. ಬಾಂಗ್ಲಾದೇಶದ ಕಡೆಯಿಂದ ಬಂದ ಬಂಗಾಳಿ ಜನರ ಪುನರ್ವಸತಿ ಕ್ಯಾಂಪುಗಳು. ನಾವು ಆರ್.ಎಚ್. ಕ್ಯಾಂಪ್ ಅನ್ನುತ್ತೇವೆ. ಚಿಕ್ಕವನಿದ್ದಾಗ ಅಲ್ಲಿಂದ ಒಬ್ಬರು ಸೈಕಲ್ ಮೇಲೆ ಮೀನು ತರುತ್ತಿದ್ದರು, ನಮ್ಮ ಅಪ್ಪನ ಜೊತೆ ಕನ್ನಡದಲ್ಲೇ ಜಗಳ ಆಡುತ್ತಿದ್ದರು. ಬೆಂಗಳೂರಿನಿಂದ ದೂರ, ಸಮ್ಮೇಳನದವರಿಗೆ ಆಗಲಿಕ್ಕಿಲ್ಲ. ಆದರೆ ಕಲಬುರಗಿ, ಬಳ್ಳಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥ ಸಭೆ ನಡೆದರೆ ನೆನಪಿಟ್ಟುಕೊಳ್ಳಲಿ.

ಬೇರೆ ಊರುಗಳಲ್ಲಿ ಒಳ್ಳೆ ಪ್ರಯತ್ನ ಆಗಿವೆ. 2023ರ ಜನವರಿಯಲ್ಲಿ ಪ್ರವಾಸಿ ಭಾರತೀಯ ದಿವಸ್ ಇಂದೋರ್‌ನಲ್ಲಿ ನಡೆದಾಗ ಆ ಊರಿನ ಕೆಲವು ಕುಟುಂಬಗಳು ಅತಿಥಿಗಳನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡವು. ನಮ್ಮಲ್ಲಿ ಉಳಿಸಿಕೊಳ್ಳುವುದು ಬೇಡ, ಒಂದು ರಾತ್ರಿಯ ಊಟಕ್ಕೆ ಕರೆದರೂ ಸಾಕು. ಹಲಸೂರಿನ ತಮಿಳು ಮನೆ, ಶಿವಾಜಿನಗರದ ಉರ್ದು ಮನೆ, ಪೀಣ್ಯದಲ್ಲಿ ನನ್ನ ಮನೆ. ನನ್ನ ಹೆಂಡತಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮಾಡುತ್ತಾಳೆ. ಆರು ಜನಕ್ಕೆ ಕೂರಲು ಜಾಗ ಇದೆ.

ಇನ್ನು ಓಡಾಟದ ಚಿಂತೆಯೂ ಈಗ ಕಡಿಮೆ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದಿದೆ. ಅಲ್ಲಿ ಹತ್ತಿದರೆ ಬದಲಾಯಿಸದೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್. ಸಮ್ಮೇಳನ ಚೈತ್ರ ಹುಣ್ಣಿಮೆ ಹೊತ್ತಿಗೆ ಬಿದ್ದರೆ ಕರಗ ನೋಡಲಿ. ತಿಗಳರ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿ ಬರುವುದನ್ನು ಕಣ್ಣಾರೆ ಕಂಡರೆ ಸಾಕು. ಮೆಟ್ರೊ ಇಷ್ಟು ಹೋದರೆ ನನ್ನಂಥವರಿಗೆ ಡ್ಯೂಟಿ ಕಡಿಮೆಯಾಗಬಹುದು, ಆದರೂ ಹೇಳುತ್ತಿದ್ದೇನೆ.

ಸಮ್ಮೇಳನ ನಡೆಸುವ ಸರ್ಕಾರದವರು, ವಿಶ್ವವಿದ್ಯಾಲಯದವರು, ಇವೆಂಟ್ ಕಂಪನಿಯವರು ಈ ಪತ್ರ ಓದುತ್ತೀರಿ ಅಂದುಕೊಂಡಿದ್ದೇನೆ. ಮುಂದಿನ ಸಲ ಟ್ರಿಪ್ ಶೀಟ್ ಬರೆಯುವ ಮೊದಲು ಮಾರ್ಕೆಟಿನ ಆ ಅಮ್ಮನಂಥವರನ್ನು, ಬೈಲುಕುಪ್ಪೆಯ ಆ ಹುಡುಗಿಯಂಥವರನ್ನು, ಶೆಡ್‌ನಲ್ಲಿದ್ದು ಬಂದ ನಮ್ಮಂಥವರನ್ನು ಕರೆದು ಒಂದು ಗಂಟೆ ಕೂರಿಸಿ ಕೇಳಿ. ಕೆಲಸ ಒಪ್ಪಿಕೊಂಡವರಿಗೆ ಗೈಡ್‌ಗೆ ಕೊಡುವಷ್ಟೇ ದುಡ್ಡು ಕೊಡಿ. ಬೆಳಗಿನ ಮಾರ್ಕೆಟ್ ಟ್ರಿಪ್ ಒಂದಕ್ಕೆ ನನ್ನ ಬಸ್ಸಿಗೆ ಬಾಡಿಗೆ ಬೇಡ, ಡೀಸೆಲ್ ಹಾಕಿಸಿದರೆ ಆಯಿತು. ಬೆಳಗ್ಗೆ ಐದಕ್ಕೆ ಹೋಟೆಲ್ ಮುಂದೆ ನಿಂತಿರುತ್ತೇನೆ. ಎಂಟರೊಳಗೆ ಮಾರ್ಕೆಟ್ ಬಿಡಬೇಕು, ಆಮೇಲೆ ಬಸ್ಸು ಹೊರಗೆ ತೆಗೆಯಲು ಆಗುವುದಿಲ್ಲ.

ಇತಿ,
ಒಬ್ಬ ಟೂರಿಸ್ಟ್ ಬಸ್ ಚಾಲಕ
ಪೀಣ್ಯ, ಬೆಂಗಳೂರು